ಎರಡು ವರ್ಷದ ನರ್ಸಿಂಗ್ ಓದು: ಗೆಳತಿಗೊಂದು ಕಾಗದ

ಪ್ರೀತಿಯ ಗೆಳತಿ,

ನಿನ್ನ ಕಾಗದ ಓದಿ ಖುಷಿಯಾಯಿತು. ಬಿ.ಕಾಂ. ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಮಕ್ಕಳನ್ನು ಶಾಲೆಗೆ ಹಚ್ಚಿದ ಮೇಲೆ ನರ್ಸ್ ಆಗಬಹುದೇ ಎಂದು ಕೇಳಿದ್ದೀಯ. ಖಂಡಿತ ಆಗಬಹುದು. ಅದೇ ದಾರಿಯಲ್ಲಿ ಬಂದವಳು ನಾನು. ಆದರೆ ‘ಎರಡೇ ವರ್ಷವಂತೆ’ ಎಂದಿದ್ದೀಯಲ್ಲ, ಆ ಲೆಕ್ಕ ಮೊದಲು ಸರಿಮಾಡಿಕೊಳ್ಳೋಣ.

ಕಮ್ಯುನಿಟಿ ಕಾಲೇಜಿನ ಅಸೋಸಿಯೇಟ್ ಡಿಗ್ರಿಯಲ್ಲಿ ನರ್ಸಿಂಗ್ ಪಾಠ ನಾಲ್ಕು ಸೆಮಿಸ್ಟರ್ ನಿಜ. ಆದರೆ ಅನಾಟಮಿ–ಫಿಸಿಯಾಲಜಿ, ಮೈಕ್ರೋಬಯಾಲಜಿ, ಸೈಕಾಲಜಿ, ಇಂಗ್ಲಿಷ್ ಬರವಣಿಗೆ ಇವನ್ನೆಲ್ಲ ಸೇರುವ ಮೊದಲೇ ಮುಗಿಸಿರಬೇಕು ಎನ್ನುವ ಕಾಲೇಜುಗಳೇ ಹೆಚ್ಚು. ಟೀಸ್‌ನಂಥ ಪ್ರವೇಶ ಪರೀಕ್ಷೆಯೂ ಇರುತ್ತದೆ. ಹಾಗಾಗಿ ಮೂರು ವರ್ಷ ಎಂದೇ ಮನೆಯವರಿಗೆ ಹೇಳಿಡು.

ಓದು ಚಿಕ್ಕದು, ಬೆಲೆಯೂ ಚಿಕ್ಕದೇನೋ ಎಂಬ ಅಳುಕು ಬೇಡ. ಎರಡನೇ ಮಹಾಯುದ್ಧದ ನಂತರ ಇಲ್ಲಿ ನರ್ಸ್‌ಗಳ ಕೊರತೆ ತೀವ್ರವಾಗಿತ್ತು. ಆಗ ಹೆಚ್ಚಿನವರು ಆಸ್ಪತ್ರೆಗಳ ಶಾಲೆಯಲ್ಲಿ ಮೂರು ವರ್ಷ ವಾರ್ಡಿನ ದುಡಿಮೆಯ ನಡುವೆಯೇ ಕಲಿಯುತ್ತಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್, ಈ ಕಲಿಕೆಯನ್ನು ಎರಡು ವರ್ಷದ ಕಾಲೇಜುಗಳಿಗೆ ತರಬಹುದು ಎಂದು 1951ರಲ್ಲಿ ಬರೆದರು. ಮರುವರ್ಷವೇ ಪ್ರಯೋಗ ಶುರುವಾಯಿತು. ಇವತ್ತಿಗೂ ಎರಡು ವರ್ಷ ಓದಿದವರು, ನಾಲ್ಕು ವರ್ಷ ಓದಿದವರು ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಪರೀಕ್ಷೆ, ಪಡೆಯುವುದು ಅದೇ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್.

‘ಕಂಡವರ ಮೈ ಒರೆಸುವ ಕೆಲಸ’ ಎಂದು ಅತ್ತೆ ಮೂಗು ಮುರಿದರೆಂದು ಬರೆದಿದ್ದೀಯ. ನಿಜ, ಮೊದಲ ಸೆಮಿಸ್ಟರಿನಲ್ಲೇ ಆ ಕೆಲಸ ಬರುತ್ತದೆ. ಆದರೆ ಮೈ ಒರೆಸುವ ಆ ಹೊತ್ತಿನಲ್ಲೇ ನರ್ಸ್ ರೋಗಿಯ ಚರ್ಮವನ್ನು ಓದುತ್ತಾಳೆ. ಬೆನ್ನಿನ ಕೆಳಗೆ, ಹಿಮ್ಮಡಿಯ ಮೇಲೆ ಕೆಂಪಾಗಿದೆಯೇ? ಬೆರಳಿನಿಂದ ಒತ್ತಿದರೂ ಆ ಕೆಂಪು ಬಿಳಿಚಿಕೊಳ್ಳದಿದ್ದರೆ ಮಲಗಿದಲ್ಲೇ ಆಗುವ ಹುಣ್ಣಿನ ಆರಂಭ ಅದು. ನಮ್ಮಂಥ ಕಂದು ಮೈಯಲ್ಲಿ ಕೆಂಪು ಸುಲಭವಾಗಿ ಕಾಣದು. ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ಅತ್ತೆಗೆ ಇದನ್ನು ಹೇಳಿ ನೋಡು.

ನಮ್ಮ ಕಡೆಯವರಿಗೆ ಕಷ್ಟವಾಗುವುದು ಪರೀಕ್ಷೆಯ ರೀತಿ. ನಾವು ಬಾಯಿಪಾಠ ಮಾಡಿ ಬೆಳೆದವರು. ಇಲ್ಲಿ ನಾಲ್ಕು ಉತ್ತರವೂ ಸರಿಯೆಂದೇ ತೋರುತ್ತದೆ, ಯಾವುದು ಮೊದಲು ಎಂದು ಕೇಳುತ್ತಾರೆ. ಒಬ್ಬರು ಮನೆಗೆ ಹೊರಡಲು ಕಾಯುತ್ತಿದ್ದಾರೆ, ಒಬ್ಬರು ನೋವಿನ ಮಾತ್ರೆಗಾಗಿ ಪದೇಪದೇ ಗಂಟೆ ಒತ್ತುತ್ತಿದ್ದಾರೆ, ಇನ್ನೊಬ್ಬರ ಸಕ್ಕರೆ ಸ್ವಲ್ಪ ಏರಿದೆ. ಕಾಲಿನ ಆಪರೇಷನ್ ಆದವರೊಬ್ಬರು ಏಕಾಏಕಿ ಏದುಸಿರು ಬಿಡುತ್ತಿದ್ದಾರೆ. ನೀನು ಓಡಬೇಕಾದ್ದು ಈ ಕೊನೆಯವರ ಬಳಿಗೆ, ಏಕೆಂದರೆ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಗಟ್ಟಿಯಾಗಿ ಕೂಗುವವರೇ ಹೆಚ್ಚು ಅಪಾಯದಲ್ಲಿರಬೇಕೆಂದಿಲ್ಲ. ಸಹಾಯಕರಿಗೆ ಯಾವ ಕೆಲಸ ಒಪ್ಪಿಸಬಹುದು, ಯಾವುದು ನರ್ಸೇ ಮಾಡಬೇಕು ಎಂಬುದೂ ಇದೇ ಪಾಠದ ಭಾಗ. ನನ್ನ ಕೇಳಿದರೆ, ಈ ಎರಡು ವರ್ಷದ ತಿರುಳೇ ಈ ವಿವೇಚನೆ.

ಎನ್‌ಕ್ಲೆಕ್ಸ್ ಕೂಡ ಅದನ್ನೇ ಅಳೆಯುತ್ತದೆ. ಕಂಪ್ಯೂಟರ್ ನಿನ್ನ ಉತ್ತರ ನೋಡಿ ಮುಂದಿನ ಪ್ರಶ್ನೆ ಆರಿಸುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆಯ ಅವಧಿ. ಕಾಲೇಜಿನ ಪರೀಕ್ಷೆಗಳಲ್ಲೂ ನಾವು ಓದುವಾಗ ನಮ್ಮೂರಿನಲ್ಲಿದ್ದ 35ರ ಪಾಸು ನಡೆಯದು; 75ಕ್ಕಿಂತ ಕೆಳಗಿಳಿದರೆ ಫೇಲು ಎನ್ನುವ ಕಾಲೇಜುಗಳು ಬೇಕಾದಷ್ಟಿವೆ. ಆಸ್ಪತ್ರೆಯ ಡ್ಯೂಟಿ ಇರುವ ದಿನ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಆ ದಿನಗಳಲ್ಲಿ ಮಕ್ಕಳ ಡಬ್ಬಿ ಯಾರು ಕಟ್ಟುತ್ತಾರೆ ಎಂಬುದನ್ನು ಮನೆಯವರ ಜೊತೆ ಈಗಲೇ ತೀರ್ಮಾನಿಸಿಕೋ.

ಇನ್ನು ವ್ಯವಹಾರದ ಮಾತು. ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಕೆಲಸಕ್ಕೆ ಮಾತ್ರ ಪರ್ಮಿಟ್ ಬೇಕು. ಅದು ಸಿಗುವ ದಾರಿ ನೋಡಿಕೊಂಡೇ ದುಡ್ಡು ಹಾಕು. ಸೇರುವ ಮೊದಲು ಕಾಲೇಜಿಗೆ ರಾಜ್ಯದ ನರ್ಸಿಂಗ್ ಮಂಡಳಿಯ ಒಪ್ಪಿಗೆ ಇದೆಯೇ, ಅಲ್ಲಿ ಓದಿದವರಲ್ಲಿ ಎಷ್ಟು ಮಂದಿ ಎನ್‌ಕ್ಲೆಕ್ಸ್ ಪಾಸಾಗಿದ್ದಾರೆ ನೋಡು. ದೊಡ್ಡ ಆಸ್ಪತ್ರೆಗಳು ಬ್ಯಾಚುಲರ್ ಡಿಗ್ರಿ ಇದ್ದವರನ್ನೇ ಹೆಚ್ಚು ಇಷ್ಟಪಡುತ್ತವೆ. ನ್ಯೂಯಾರ್ಕ್‌ನಲ್ಲಂತೂ ಹೊಸಬರು ಹತ್ತು ವರ್ಷದೊಳಗೆ ಅದನ್ನು ಪಡೆಯಬೇಕೆಂದು 2017ರಲ್ಲೇ ಕಾನೂನಾಗಿದೆ. ಕೆಲಸ ಮಾಡುತ್ತಲೇ ಆನ್‌ಲೈನಿನಲ್ಲಿ ಅದನ್ನು ಮುಗಿಸುವವರು ಬಹಳ ಜನ.

ಊರಲ್ಲಿ ಬಿ.ಎಸ್ಸಿ. ನರ್ಸಿಂಗ್ ಮಾಡಿರುವ ನಿನ್ನ ತಂಗಿ ಇದನ್ನೆಲ್ಲ ಮತ್ತೆ ಓದಬೇಕಿಲ್ಲ. ಅಂಕಪಟ್ಟಿಗಳ ಪರಿಶೀಲನೆ ಮಾಡಿಸಿ, ಇಲ್ಲಿನ ಮಂಡಳಿಯ ಅನುಮತಿ ಸಿಕ್ಕರೆ ಬೆಂಗಳೂರಿನಲ್ಲೇ ಎನ್‌ಕ್ಲೆಕ್ಸ್ ಬರೆಯಬಹುದು.

ನೀನು ಮಾತ್ರ ಒಮ್ಮೆಲೇ ಎಲ್ಲಕ್ಕೂ ಕೈ ಹಾಕಬೇಡ. ಮುಂದಿನ ಸೆಮಿಸ್ಟರಿಗೆ ಅನಾಟಮಿ ಒಂದಕ್ಕೇ ಸೇರು. ಅದು ರುಚಿಸಿದರೆ ಮುಂದಿನದಕ್ಕೆ ಧೈರ್ಯ ತಾನಾಗಿ ಬರುತ್ತದೆ. ಸೇರಿದ ದಿನ ತಪ್ಪದೆ ಬರೆ.

ನಿನ್ನ ಪ್ರೀತಿಯ
ಗೆಳತಿ