ಬಾಟಲಿಯಲ್ಲಿ ಉಳಿದ ಲಸಿಕೆ

ಮುಂಗಾರಿನ ಮೊದಲ ಮಳೆಗೆ ನೆಲ ಹಸಿರಾದಾಗ ಕುರಿ ಸಾಕುವವರಿಗೆ ಸಂತೋಷದ ಜೊತೆಗೆ ದಿಗಿಲೂ ಹುಟ್ಟುತ್ತದೆ. ಬೇಸಿಗೆಯಿಡೀ ಒಣಕಡ್ಡಿ, ಜಾಲಿಕಾಯಿ ತಿಂದುಕೊಂಡಿದ್ದ ಕುರಿ ಒಮ್ಮೆಲೇ ಎಳೆಚಿಗುರಿಗೆ ಬಾಯಿ ಹಾಕುತ್ತದೆ. ಅದರ ಕರುಳಲ್ಲಿ ಮೊದಲೇ ಅಷ್ಟಿಷ್ಟು ಇರುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಆ ಹೊಸ ಮೇವು ಸಿಕ್ಕಿದ್ದೇ ಮಿತಿಮೀರಿ ಬೆಳೆದು ಎಪ್ಸಿಲಾನ್ ಎಂಬ ವಿಷವನ್ನು ಬಿಡುತ್ತದೆ. ರಾತ್ರಿ ಚೆನ್ನಾಗಿದ್ದ ಮರಿ ಬೆಳಗ್ಗೆ ರೊಪ್ಪದಲ್ಲಿ ಕತ್ತು ಹಿಂದಕ್ಕೆ ಸೆಟೆದುಕೊಂಡು ಸತ್ತು ಬಿದ್ದಿರುತ್ತದೆ. ಇದೇ ಕರುಳುಬೇನೆ, ಪಶುವೈದ್ಯರು ಇಟಿ ಎನ್ನುತ್ತಾರೆ. ಚೆನ್ನಾಗಿ ತಿಂದು ಮೈತುಂಬಿಕೊಂಡ ಮರಿಗಳೇ ಮೊದಲು ಹೋಗುತ್ತವೆ. ಲಕ್ಷಣ ಕಾಣಿಸಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮಳೆಗೆ ಮುಂಚೆ ಲಸಿಕೆ ಹಾಕಿಸಬೇಕು, ಅದೊಂದೇ ದಾರಿ.

ಇದನ್ನೆಲ್ಲ ನನಗೆ ಕಲಿಸಿದವರು ನನ್ನ ಭಾವ. ಅವರು ಪಶುವೈದ್ಯರು, ಶಿರಾ, ಹಿರಿಯೂರು, ಚಳ್ಳಕೆರೆ ಸೀಮೆಯಲ್ಲೇ ಬಹುಪಾಲು ಕೆಲಸ ಮಾಡಿದವರು. ನಾನು ಪೀಣ್ಯದಲ್ಲಿ ಎರಡು ಲೇತು, ಒಂದು ಮಿಲ್ಲಿಂಗ್ ಮಷಿನ್ ಇಟ್ಟುಕೊಂಡು ವಾಲ್ವ್, ಬುಷ್, ಸಣ್ಣ ಪಂಪುಗಳ ಭಾಗ ಮಾಡಿಕೊಡುವವನು. ಒಂದು ಬೇಸಿಗೆ ಅವರ ಜೊತೆ ಲಸಿಕೆ ಹಾಕುವಲ್ಲಿಗೆ ಹೋಗಿದ್ದೆ. ನಾವು ತಂದಿದ್ದ ಲಸಿಕೆಗೆ ಕುರಿಯೊಂದಕ್ಕೆ 2.5 ಮಿಲಿಲೀಟರ್ ಡೋಸು, ಚರ್ಮದಡಿಗೆ. ಅವರ ಕೈಲಿದ್ದದ್ದು 10 ಮಿಲಿಲೀಟರಿನ ಸಿರಿಂಜು. ನಾಲ್ಕು ಕುರಿಗೊಮ್ಮೆ ನಿಲ್ಲಬೇಕು, ಬಾಟಲಿಗೆ ಸೂಜಿ ಚುಚ್ಚಬೇಕು, ಎಳೆಯಬೇಕು, ಗುಳ್ಳೆ ತಟ್ಟಿ ಬಿಡಬೇಕು, ಗೆರೆ ನೋಡಬೇಕು. ಅಷ್ಟರಲ್ಲಿ ಹಿಡಿದವರ ಕೈಯಿಂದ ಕುರಿ ಜಾರಿಕೊಳ್ಳುತ್ತಿತ್ತು, ಹಾಕಿದ್ದು ಯಾವುದು ಹಾಕದ್ದು ಯಾವುದು ಎಂದು ಕೂಗಾಟವಾಗುತ್ತಿತ್ತು. ಬಿಸಿಲು ಏರುತ್ತಿತ್ತು. ನೂರಾರು ಕುರಿಗಳ ಮಂದೆಯಲ್ಲಿ ಹೀಗೆ ನಿಂತು ನಿಂತು ಎಳೆಯುವ ಹೊತ್ತೇ ಅರ್ಧ ದಿನವನ್ನು ನುಂಗುತ್ತದೆ ಎಂದು ನನಗನ್ನಿಸಿತು. ತಾನೇ ತುಂಬಿಕೊಳ್ಳುವ ಸಿರಿಂಜು ಮಾಡಿಕೊಡುತ್ತೇನೆ ಎಂದು ಅಲ್ಲೇ ಭಾವನಿಗೆ ಮಾತು ಕೊಟ್ಟೆ.

ಅಂಥ ಸಿರಿಂಜು ಹೊಸದೇನಲ್ಲ. ಕೋಳಿ ಫಾರಂಗಳಲ್ಲಿ, ದೊಡ್ಡ ಕುರಿ ಸಾಕಣೆ ಇರುವ ದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ನನಗೆ ಬೇಕಿದ್ದದ್ದು ನಮ್ಮ ರೊಪ್ಪಗಳಲ್ಲಿ ಬಿದ್ದರೂ ತುಳಿದರೂ ಬಾಳುವ, ಕೆಟ್ಟರೆ ತಾಲ್ಲೂಕಿನ ಲೇತಿನವನೇ ರಿಪೇರಿ ಮಾಡಬಲ್ಲ, ಬೆಲೆ ಕಡಿಮೆಯ ಒಂದು ಸಾಧನ.

ಅದರ ಒಳಗುಟ್ಟು ಎರಡು ವಾಲ್ವುಗಳಲ್ಲಿದೆ. ಒಂದು ಬಾಟಲಿಯ ಕಡೆ, ಒಂದು ಸೂಜಿಯ ಕಡೆ. ಎರಡೂ ದ್ರವವನ್ನು ಒಂದೇ ದಿಕ್ಕಿಗೆ ಬಿಡುವಂಥವು. ಹಿಡಿಯನ್ನು ಅದುಮಿದರೆ ಪಿಸ್ಟನ್ ಮುಂದಕ್ಕೆ ಹೋಗುತ್ತದೆ, ಬಾಟಲಿಯ ಕಡೆಯದು ಮುಚ್ಚಿಕೊಳ್ಳುತ್ತದೆ, ಸೂಜಿಯ ಕಡೆಯದು ತೆರೆದು ಡೋಸು ಹೊರಡುತ್ತದೆ. ಹಿಡಿ ಬಿಟ್ಟರೆ ಸ್ಪ್ರಿಂಗು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಸೂಜಿಯ ಕಡೆಯದು ಮುಚ್ಚಿ, ಬಾಟಲಿಯ ಕಡೆಯದು ತೆರೆದು, ಮುಂದಿನ ಡೋಸು ಬ್ಯಾರೆಲ್ಲಿಗೆ ಬರುತ್ತದೆ. ಲಸಿಕೆ ಹೊರಬಂದಷ್ಟು ಗಾಳಿ ಬಾಟಲಿಗೆ ಹೋಗಬೇಕು, ಇಲ್ಲದಿದ್ದರೆ ಒಳಗೆ ನಿರ್ವಾತ ಹುಟ್ಟಿ ಎಳೆತ ನಿಲ್ಲುತ್ತದೆ. ಅದಕ್ಕೆ ಹತ್ತಿ ತುಂಬಿದ ಇನ್ನೊಂದು ಸಣ್ಣ ಕೊಳವೆ ಇಟ್ಟೆ. ವಾಲ್ವಿಗೆ ಉಕ್ಕಿನ ಪುಟ್ಟ ಗುಂಡು, ಅದು ಕೂರಲು ಹಿತ್ತಾಳೆಯ ಸೀಟು. ಬ್ಯಾರೆಲ್ ಸ್ಟೇನ್‌ಲೆಸ್ ಸ್ಟೀಲು. ಗಾಜು ಒಡೆಯುತ್ತದೆ, ಪ್ಲಾಸ್ಟಿಕ್ಕು ಪದೇ ಪದೇ ಕುದಿಸಿದರೆ ಸೊಟ್ಟಗಾಗುತ್ತದೆ ಎಂಬುದು ಆಗಿನ ನನ್ನ ತೀರ್ಮಾನ.

ಈ ಬ್ಯಾರೆಲ್ಲಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1853ರಲ್ಲಿ ಇಬ್ಬರು ವೈದ್ಯರು, ಒಬ್ಬರಿಗೊಬ್ಬರು ಅರಿಯದೆ, ಟೊಳ್ಳು ಸೂಜಿಯ ಸಿರಿಂಜನ್ನು ಬಳಕೆಗೆ ತಂದರು: ಫ್ರಾನ್ಸಿನ ಲಿಯಾನಿನಲ್ಲಿ ಶಾರ್ಲ್ ಪ್ರವಾಜ್, ಎಡಿನ್‌ಬರೋದಲ್ಲಿ ಅಲೆಕ್ಸಾಂಡರ್ ವುಡ್. ಪ್ರವಾಜ್ ತನ್ನ ಪ್ರಯೋಗಗಳನ್ನು ಮಾಡಿದ್ದು ಕುರಿ, ಕುದುರೆಗಳ ಮೇಲೆ. ಅವನ ಸಿರಿಂಜು ಬೆಳ್ಳಿಯದು. ಒಳಗೆಷ್ಟಿದೆ ಎಂದು ಕಾಣದು, ಆದರೆ ಪಿಸ್ಟನ್ನಿಗೆ ತಿರುಪು ಇತ್ತು. ಎಷ್ಟು ಸುತ್ತು ತಿರುಗಿಸಿದೆ ಎಂಬುದರಿಂದ ಎಷ್ಟು ಹೋಯಿತು ಎಂದು ತಿಳಿಯುತ್ತಿತ್ತು. ವುಡ್ ಬಳಸಿದ್ದು ಗಾಜಿನ ಬ್ಯಾರೆಲ್, ಕಣ್ಣಿಗೇ ಕಾಣುತ್ತಿತ್ತು. ಸಿರಿಂಜಿನ ಚರಿತ್ರೆಯನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಓದುವಾಗ ಎದೆ ಭಾರವಾಯಿತು. ಒಬ್ಬ ಎಣಿಸುತ್ತಿದ್ದ, ಇನ್ನೊಬ್ಬ ನೋಡುತ್ತಿದ್ದ. ನನ್ನ ಸಿರಿಂಜಿನಲ್ಲಿ ಎರಡಕ್ಕೂ ಜಾಗ ಇಟ್ಟಿರಲಿಲ್ಲ.

ಪರೀಕ್ಷೆ ಮಾಡದೆ ಕೊಟ್ಟೆನೆಂದಲ್ಲ. ಸ್ಟೀಲಿನ ಲೋಟದಲ್ಲಿ ಶೋಧಿಸಿದ ನೀರಿಟ್ಟು, ಕೊಳವೆಯನ್ನು ಅದರಲ್ಲಿ ಅದ್ದಿ, ಹಿಡಿ ಅದುಮಿ ಅದುಮಿ ಹೊರಬಂದ ನೀರನ್ನು ತಕ್ಕಡಿಯಲ್ಲಿ ತೂಗಿದೆ. 2.5 ಮಿಲಿಲೀಟರ್ ನೀರೆಂದರೆ 2.5 ಗ್ರಾಂ, ಲೆಕ್ಕ ಸುಲಭ. ದಿನಗಟ್ಟಲೆ ಅದುಮಿದರೂ ತೂಕ ಕದಲಲಿಲ್ಲ. ಪೀಣ್ಯದ ಗೆಳೆಯರನ್ನು ಕರೆದು ತೋರಿಸಿದೆ. ಅಷ್ಟು ನಿಖರವಾದ ವಸ್ತುವನ್ನು ಅದುವರೆಗೆ ನಾನು ಮಾಡಿರಲಿಲ್ಲ, ಆ ಹೆಮ್ಮೆ ನಿಜವಾದ ಹೆಮ್ಮೆಯೇ.

ಮುಂದಿನ ಬೇಸಿಗೆ ಭಾವ ಅದನ್ನು ಒಂದು ದೊಡ್ಡ ಮಂದೆಗೆ ಬಳಸಿದರು. ನಾನೂ ಹೋಗಿದ್ದೆ. ಬಾಟಲಿಯನ್ನು ಸೊಂಟದ ಚೀಲದಲ್ಲಿಟ್ಟು, ಅದರ ರಬ್ಬರ್ ಬಿರಡೆಗೆ ದಪ್ಪ ಮೊಳೆಯಂಥ ಕೊಳವೆ ಚುಚ್ಚಿ, ಅಲ್ಲಿಂದ ಸಿರಿಂಜಿಗೆ ಟ್ಯೂಬು ಎಳೆದಿದ್ದೆವು. ಕೆಲಸ ಎಷ್ಟು ಚುರುಕಾಗಿ ಸಾಗಿತೆಂದರೆ ಕುರಿ ಹಿಡಿಯುವವರೇ ಹಿಂದೆ ಬಿದ್ದರು. ಸ್ವಲ್ಪ ಹೊತ್ತಾದ ಮೇಲೆ ಭಾವ, “ಮೊದಲಿಗಿಂತ ಹಿಡಿ ಹಗುರ ಆಯ್ತಪ್ಪ, ಕೈ ನೋಯ್ತಾನೇ ಇಲ್ಲ” ಎಂದರು. ಪಿಸ್ಟನ್ನು ಪಳಗಿತು ಎಂದುಕೊಂಡೆ. ಮಧ್ಯಾಹ್ನ ಮಂದೆ ಮುಗಿದಾಗ ಲೆಕ್ಕಕ್ಕಿಂತ ಸುಮಾರು ಕಾಲುಭಾಗ ಲಸಿಕೆ ಉಳಿದಿತ್ತು. ಕೈಯಲ್ಲಿ ಎಳೆಯುವಾಗ ಚೆಲ್ಲಿ ಹೋಗುವುದು, ಗುಳ್ಳೆ ಬಿಡುವಾಗ ಹಾರಿ ಹೋಗುವುದು ಇದರಲ್ಲಿ ಇಲ್ಲ, ಉಳಿತಾಯವಾಯಿತು ಎಂದು ನಾನೇ ಭಾವನಿಗೆ ವಿವರಿಸಿದೆ. ಉಳಿದದ್ದನ್ನು ಪಕ್ಕದ ಹಟ್ಟಿಯ ಕುರಿಗಳಿಗೂ ಹಾಕಿದೆವು.

ಇಲ್ಲಿ ನಿಲ್ಲಬೇಕಿತ್ತು. 100 ಮಿಲಿಲೀಟರಿನ ಬಾಟಲಿಯಲ್ಲಿ ನಲವತ್ತು ಡೋಸು. ಅದಕ್ಕಿಂತ ಎಷ್ಟೋ ಹೆಚ್ಚು ಕುರಿಗಳಿಗೆ ಒಂದು ಬಾಟಲಿ ಸಾಲುತ್ತಿದೆಯೆಂದರೆ ಕುರಿಗೆ ಹೋಗಬೇಕಾದದ್ದು ಹೋಗಿಲ್ಲ. ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ಶಾಲೆಯ ಭಾಗಾಕಾರ ಸಾಕು. ಆದರೆ ನನ್ನ ಯಂತ್ರ ತಪ್ಪಿರಬಹುದು ಎಂಬ ಯೋಚನೆಯೇ ಆ ಮಧ್ಯಾಹ್ನ ನನ್ನೊಳಗೆ ಬರಲಿಲ್ಲ. ಎದುರಿಗೆ ಬಂದ ಎರಡು ಸುಳಿವುಗಳನ್ನೂ ನಾನು ಹೊಗಳಿಕೆಯಾಗಿ ಓದಿಕೊಂಡೆ.

ಮಳೆ ಬಂತು. ಕೆಲವು ವಾರಗಳಲ್ಲಿ ಆ ಮಂದೆಯಲ್ಲಿ ಮರಿಗಳು ಸಾಯತೊಡಗಿದವು. ಭಾವ ಹೋಗಿ ಸತ್ತ ಮರಿಯನ್ನು ಕೊಯ್ದು ನೋಡಿದರು. ಮೂತ್ರಪಿಂಡ ಮೆತ್ತಗೆ ಕೊಳೆತಂತಾಗಿತ್ತು, ಕರುಳುಬೇನೆಯ ಗುರುತದು. ಫೋನಿನಲ್ಲಿ ಅವರು ನನ್ನನ್ನು ದೂರಲಿಲ್ಲ. “ಆ ಸಿರಿಂಜನ್ನು ತೊಳೀಬೇಡ, ಹಾಗೇ ಬಿಚ್ಚಿ ನೋಡು” ಎಂದಷ್ಟೇ ಹೇಳಿದರು. ತೊಳೆದು ಒಣಗಿಸಿ ಇಟ್ಟಾಗಿತ್ತು. ಆದರೂ ಬಿಚ್ಚಿದೆ. ಬಾಟಲಿಯ ಕಡೆಯ ವಾಲ್ವಿನಲ್ಲಿ, ಗುಂಡಿಗೂ ಸೀಟಿಗೂ ನಡುವೆ, ಸಾಸಿವೆಗಿಂತ ಚಿಕ್ಕದಾದ ಬೂದುಬಣ್ಣದ ರಬ್ಬರಿನ ಚೂರು ಸಿಕ್ಕಿಕೊಂಡಿತ್ತು.

ಬಿರಡೆಯ ಚೂರು ಅದು. ದಪ್ಪ ಕೊಳವೆಯನ್ನು ರಬ್ಬರಿಗೆ ಚುಚ್ಚಿದಾಗ ಅದರ ಅಂಚು ರಬ್ಬರನ್ನು ಕೊರೆದು ಸಣ್ಣ ತುಣುಕನ್ನು ಒಳಕ್ಕೆ ತಳ್ಳುತ್ತದೆ. ಔಷಧ ತಯಾರಿಸುವವರಿಗೆಲ್ಲ ಗೊತ್ತಿರುವ ಸಂಗತಿ, ನನಗೆ ಗೊತ್ತಿರಲಿಲ್ಲ. ಬಾವಿಯ ಪಂಪಿನ ಫುಟ್‌ವಾಲ್ವಿಗೆ ಕಡ್ಡಿ ಸಿಕ್ಕಿದರೆ ಏರಿಸಿದ ನೀರು ಮತ್ತೆ ಬಾವಿಗೇ ಇಳಿಯುತ್ತದಲ್ಲ, ಇಲ್ಲಿ ಆದದ್ದೂ ಅದೇ. ಅದುಮಿದಾಗಲೆಲ್ಲ ಡೋಸಿನ ಒಂದು ಪಾಲು ಸೂಜಿಯ ಇಕ್ಕಟ್ಟಾದ ದಾರಿಗಿಂತ ಸಲೀಸಾದ ದಾರಿ ಹಿಡಿದು ಬಾಟಲಿಗೆ ವಾಪಸಾಗುತ್ತಿತ್ತು. ಹಿಡಿ ಹಗುರವಾದದ್ದು ಅದಕ್ಕೆ. ಲಸಿಕೆ ಉಳಿದದ್ದು ಅದಕ್ಕೆ. ಲೋಟದ ನೀರಿನಲ್ಲಿ ಬಿರಡೆ ಇರಲಿಲ್ಲ, ಹಾಗಾಗಿ ನನ್ನ ತಕ್ಕಡಿ ಇದನ್ನು ಎಂದೂ ಕಾಣಲು ಸಾಧ್ಯವಿರಲಿಲ್ಲ. ಜೊತೆಗೆ ಈ ಲಸಿಕೆಯಲ್ಲಿ ಪಟಿಕದ ಲವಣಕ್ಕೆ ಅಂಟಿದ ಬಿಳಿ ಗಸಿ ಇರುತ್ತದೆ. ಬಾಟಲಿಯನ್ನು ಅಲ್ಲಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ತಳಕ್ಕೆ ಕೂರುತ್ತದೆ. ಕೈಯಲ್ಲಿ ಎಳೆಯುವವರು ಪ್ರತಿ ಸಲ ಬಾಟಲಿ ಎತ್ತಿದಾಗಲೂ ಕುಲುಕುತ್ತಾರೆ. ಸೊಂಟದ ಚೀಲದೊಳಗಿನ ಬಾಟಲಿಯನ್ನು ಯಾರೂ ಕುಲುಕಲಿಲ್ಲ.

ನಾಲ್ಕು ಕುರಿಗೊಮ್ಮೆ ಭಾವ ನಿಲ್ಲುತ್ತಿದ್ದದ್ದನ್ನು ನಾನು ವ್ಯರ್ಥ ಹೊತ್ತು ಎಂದು ಎಣಿಸಿದ್ದೆ. ಆ ಹೊತ್ತಿನಲ್ಲೇ ಅವರು ಬಾಟಲಿ ಕುಲುಕುತ್ತಿದ್ದರು, ಗೆರೆ ನೋಡುತ್ತಿದ್ದರು, ಗುಳ್ಳೆ ತೆಗೆಯುತ್ತಿದ್ದರು, ಎಷ್ಟು ಕುರಿಗೆ ಎಷ್ಟು ಖರ್ಚಾಯಿತು ಎಂದು ಮನಸ್ಸಿನಲ್ಲೇ ತಾಳೆ ನೋಡುತ್ತಿದ್ದರು. ತುಂಬುವ ಕೆಲಸವನ್ನು ಸ್ಪ್ರಿಂಗಿಗೆ ವಹಿಸಿದಾಗ ನೋಡುವ ಕೆಲಸವೂ ಅದರ ಜೊತೆಗೇ ಹೋಯಿತು. ಸ್ಪ್ರಿಂಗಿಗೆ ಕಣ್ಣಿಲ್ಲ. ಅದರ ಮೇಲೆ ಬ್ಯಾರೆಲ್ಲನ್ನು ಉಕ್ಕಿನಿಂದ ಮುಚ್ಚಿ, ನೋಡಬೇಕೆಂದವರಿಗೂ ಕಾಣದಂತೆ ಮಾಡಿದ್ದೆ. ಬೇರೆ ಕೆಲಸಗಳಲ್ಲಿ ಇಂಥ ದೋಷ ತಾನಾಗಿ ಬಯಲಾಗುತ್ತದೆ: ಪಂಪು ನೀರೆತ್ತದಿದ್ದರೆ ಗದ್ದೆ ಒಣಗುತ್ತದೆ, ಮಾರನೆಯ ದಿನವೇ ಕರೆ ಬರುತ್ತದೆ. ಅರ್ಧ ಡೋಸು ಬಿದ್ದ ಕುರಿಯೂ ಪೂರ್ತಿ ಡೋಸು ಬಿದ್ದ ಕುರಿಯಂತೆಯೇ ಮೈ ಕೊಡವಿ ಮಂದೆಗೆ ಸೇರಿಕೊಳ್ಳುತ್ತದೆ.

ಆ ಸಾವುಗಳೆಲ್ಲ ನನ್ನ ವಾಲ್ವಿನಿಂದಲೇ ಆದವು ಎಂದು ಯಾರೂ ಸಾಧಿಸಲಾರರು. ಲಸಿಕೆ ದಾರಿಯಲ್ಲಿ ಬಿಸಿಯಾದರೂ, ಎರಡನೆಯ ಸಲ ಹಾಕಬೇಕಾದ್ದು ತಪ್ಪಿದರೂ ರಕ್ಷಣೆ ಸಿಗುವುದಿಲ್ಲ. ಭಾವ ಇದನ್ನು ಸಮಾಧಾನಕ್ಕೆಂದು ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮಂದೆಯ ಯಜಮಾನರ ಬಳಿ ಹೋಗಿ ರಬ್ಬರಿನ ಚೂರನ್ನು ತೋರಿಸಿ ಆದದ್ದನ್ನು ಹೇಳಿದೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ, “ಕೊಬ್ಬಿದ ಮರಿಗಳೇ ಹೋದವು ಸ್ವಾಮಿ. ಹಬ್ಬಕ್ಕೆ ಮಾರೋಣ ಅಂತ ಇಟ್ಟಿದ್ದವು” ಎಂದರು. ಸತ್ತ ಮರಿಗಳ ಬೆಲೆ ಕೊಟ್ಟೆ. ಉಳಿದ ಕುರಿಗಳಿಗೂ, ಪಕ್ಕದ ಹಟ್ಟಿಯವಕ್ಕೂ ಭಾವ ಹಳೆಯ ಸಿರಿಂಜಿನಲ್ಲೇ, ನಾಲ್ಕು ಕುರಿಗೊಮ್ಮೆ ನಿಂತು, ಮತ್ತೆ ಲಸಿಕೆ ಹಾಕಿದರು.

ಬಿಚ್ಚಿದ ದಿನ ಇನ್ನೊಂದು ಪ್ರಶ್ನೆಯೂ ಎದ್ದಿತು. ಆ ಚೂರು ಇನ್ನಷ್ಟು ಮುಂದೆ ಸಾಗಿ ಸೂಜಿಯ ಕಡೆಯ ವಾಲ್ವಿನಲ್ಲಿ ಕೂತಿದ್ದರೆ? ಆಗ ಸ್ಪ್ರಿಂಗು ಹಿಂದಕ್ಕೆ ಎಳೆಯುವುದು ಬಾಟಲಿಯಿಂದ ಮಾತ್ರವಲ್ಲ, ಕುರಿಯ ಮೈಯಿಂದಲೂ. ಒಂದರ ರಕ್ತ ಮುಂದಿನದಕ್ಕೆ ಹೋಗುತ್ತದೆ. ಸೂಜಿ ಬದಲಿಸಿದರೂ ಪ್ರಯೋಜನವಿಲ್ಲ, ಕಲ್ಮಶ ಬ್ಯಾರೆಲ್ಲಿನಲ್ಲೇ ಇರುತ್ತದೆ. ಮನುಷ್ಯರ ವೈದ್ಯಕೀಯ ಈ ಪಾಠಕ್ಕೆ ಭಾರಿ ಬೆಲೆ ತೆತ್ತಿದೆ. ಈಜಿಪ್ಟಿನಲ್ಲಿ 1980ರ ದಶಕದ ಆರಂಭದವರೆಗೂ ಬಸವನಹುಳುವಿನಿಂದ ಹರಡುವ ಶಿಸ್ಟೊಸೋಮಿಯಾಸಿಸ್ ರೋಗಕ್ಕೆ ಸಾಮೂಹಿಕವಾಗಿ ಇಂಜೆಕ್ಷನ್ ಕೊಟ್ಟರು. ಸರಿಯಾಗಿ ಶುದ್ಧಗೊಳಿಸದೆ ಮತ್ತೆ ಮತ್ತೆ ಬಳಸಿದ ಗಾಜಿನ ಸಿರಿಂಜುಗಳಿಂದ ಹೆಪಟೈಟಿಸ್ ಸಿ ದೇಶದ ಉದ್ದಗಲಕ್ಕೂ ಹಬ್ಬಿತು. ಸಿಡುಬು ನಿರ್ಮೂಲನದಲ್ಲಿ ದುಡಿದ, ಪ್ರತಿ ಸಲ ತಾನೇ ತುಂಬಿಕೊಳ್ಳುವ, ಸೂಜಿಯಿಲ್ಲದ ಜೆಟ್ ಗನ್ನುಗಳೂ ಅನುಮಾನಕ್ಕೆ ಒಳಗಾದವು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದು ಕ್ಲಿನಿಕ್ಕಿನಲ್ಲಿ ಅಂಥ ಗನ್ನಿನಿಂದ ಹೆಪಟೈಟಿಸ್ ಬಿ ಹರಡಿತ್ತು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಸೇರಿ, ಲಸಿಕೆಗೆ ಒಮ್ಮೆ ಬಳಸಿದರೆ ತಾನಾಗಿ ಲಾಕ್ ಆಗುವ ಸಿರಿಂಜುಗಳನ್ನೇ ಬಳಸಬೇಕೆಂದು ಹೇಳಿದವು. ಎರಡನೆಯ ಸಲ ತುಂಬಿಕೊಳ್ಳಲು ಒಪ್ಪದ ಸಿರಿಂಜು! ನಾನು ಹೊರಟ ದಾರಿಗೆ ನೇರ ವಿರುದ್ಧವಾದ ದಾರಿ, ಮಗುವಿನ ತೋಳಿಗೆ ಅದೇ ಸರಿ. ಕುರಿಮಂದೆಯಲ್ಲಿ ಪ್ರತಿ ಕುರಿಗೊಂದು ಸಿರಿಂಜು ಖರ್ಚು ಮಾಡುವ ಶಕ್ತಿ ನಮ್ಮ ಕುರಿಗಾಹಿಗಳಿಗೆ ಇನ್ನೂ ಇಲ್ಲ, ಆದ್ದರಿಂದ ನನ್ನ ಕೆಲಸ ಮುಗಿದಿಲ್ಲ ಎಂದು ನಂಬಿದ್ದೇನೆ.

ಈಗಿನ ಸಿರಿಂಜಿಗೆ ಲೋಹದ ಚೌಕಟ್ಟಿನೊಳಗೆ ಗಾಜಿನ ಬ್ಯಾರೆಲ್ ಇದೆ. ಬಿದ್ದರೆ ಒಡೆಯುತ್ತದೆ, ಒಡೆಯಲಿ. ಬದಲಿ ಗಾಜನ್ನು ಡಬ್ಬಿಯಲ್ಲೇ ಇಟ್ಟು ಕೊಡುತ್ತೇನೆ. ಚುಚ್ಚುವ ಕೊಳವೆಯ ತುದಿ ಮುಚ್ಚಿ ಪಕ್ಕದಲ್ಲಿ ತೂತು ಕೊರೆದಿದ್ದೇನೆ, ರಬ್ಬರು ಕೊರೆಯುವುದಿಲ್ಲ. ವಾಲ್ವಿನ ಮುಂದೆ ಸಣ್ಣ ಜಾಲರಿಯಿದೆ, ಗಸಿ ದಾಟುತ್ತದೆ, ಚೂರು ದಾಟುವುದಿಲ್ಲ. ಬಾಟಲಿ ಸೊಂಟದಿಂದ ಸಿರಿಂಜಿನ ತಲೆಯ ಮೇಲಕ್ಕೆ ಬಂದಿದೆ, ಕೈ ಆಡಿದಂತೆಲ್ಲ ಅದೂ ಕುಲುಕುತ್ತದೆ. ಪರೀಕ್ಷೆಯನ್ನು ಬಿರಡೆ ಚುಚ್ಚಿದ ಬಾಟಲಿಯಿಂದ, ಗಸಿಯಿರುವ ದ್ರವದಲ್ಲೇ ಮಾಡುತ್ತೇನೆ, ಹೊರಬಂದದ್ದರ ಜೊತೆಗೆ ಬಾಟಲಿಯಲ್ಲಿ ಉಳಿದದ್ದನ್ನೂ ತೂಗುತ್ತೇನೆ. ಪ್ರತಿ ಬಾಟಲಿ ಮುಗಿದಾಗ ಎಷ್ಟು ಕುರಿ ಎಂದು ಬರೆದುಕೊಳ್ಳಲು ಭಾವ ಒಂದು ಪುಸ್ತಕ ಇಟ್ಟಿದ್ದಾರೆ. ನಲವತ್ತಕ್ಕಿಂತ ಎರಡು ಮೂರು ಹೆಚ್ಚಾದರೂ ಅಲ್ಲೇ ನಿಲ್ಲಿಸಿ ಬಿಚ್ಚುತ್ತಾರೆ.

ಸೂಜಿಯ ವಿಷಯದಲ್ಲಿ ನನ್ನಿಂದ ಇನ್ನೂ ಏನೂ ಆಗಿಲ್ಲ. ಅದನ್ನು ತಾನಾಗಿ ಬದಲಿಸುವ ಏರ್ಪಾಡು ಮಾಡಿಕೊಡು ಎಂದು ಹಲವರು ಕೇಳಿದ್ದಾರೆ. ಸದ್ಯಕ್ಕೆ ಬೇಡವೆಂದಿದ್ದೇನೆ. ಸೂಜಿ ಬದಲಿಸಲು ಕೈ ನಿಂತಾಗ ಭಾವ ಗಾಜಿನಲ್ಲಿ ಗೆರೆಯನ್ನೂ ನೋಡುತ್ತಾರೆ.