ಬರಿಯ ಹದಿಮೂರು ಕಿಲೋಮೀಟರು

ರಜೆ ಬಂತೆಂದರೆ ಬೆನ್ನಿಗೊಂದು ಚೀಲವೇರಿಸಿ ಬೆಟ್ಟದ ದಾರಿ ಹಿಡಿಯುವ ಹವ್ಯಾಸ ನಮ್ಮ ಪಟ್ಟಣಿಗರಲ್ಲಿ ಚೆನ್ನಾಗಿ ಬೇರೂರಿದೆ. ಒಳ್ಳೆಯ ಹವ್ಯಾಸವೇ ಸರಿ. ಆದರೆ ಹೊರಡುವ ಮುನ್ನ ಅವರು ಹಾಕುವ ಲೆಕ್ಕಾಚಾರವನ್ನು ಕೇಳಿದರೆ, ಇವರು ನೆಲದ ಮೇಲೆ ನಡೆಯಲು ಹೊರಟವರೋ ಅಥವಾ ನಕಾಶೆಯ ಮೇಲೆ ಬೆರಳಾಡಿಸಲು ಹೊರಟವರೋ ಎಂಬ ಸಂದೇಹ ಹುಟ್ಟುತ್ತದೆ.

ಕುಕ್ಕೆ ಸುಬ್ರಹ್ಮಣ್ಯದ ಬೆನ್ನಿಗೆ ಎದ್ದು ನಿಂತಿರುವ ಕುಮಾರಪರ್ವತವನ್ನೇ ತೆಗೆದುಕೊಳ್ಳೋಣ. ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಗಡಿಯಲ್ಲಿರುವ ಈ ಶಿಖರದ ಎತ್ತರ ೧,೭೧೨ ಮೀಟರು. ಹಿಮಾಲಯದ ತಪ್ಪಲಿಗೆ ಒಮ್ಮೆ ಹೋಗಿ ಬಂದ ತರುಣನಿಗೆ ಇದು ನಗೆ ತರಿಸುವ ಅಂಕಿ. ದೇವಸ್ಥಾನದಿಂದ ತುದಿಗೆ ಸುಮಾರು ಹದಿಮೂರು ಕಿಲೋಮೀಟರು ಎಂದು ಕೇಳಿದ ಮೇಲಂತೂ, "ಬರಿಯ ಹದಿಮೂರೇ? ಮಧ್ಯಾಹ್ನದೊಳಗೆ ಇಳಿದು ಬಂದು ಉಣ್ಣೋಣ" ಎನ್ನುತ್ತಾನೆ.

ಬೆಟ್ಟವನ್ನು ಅದರ ಎತ್ತರದಿಂದ ಅಳೆಯುವುದೇ ಮೊದಲನೆಯ ತಪ್ಪೆಣಿಕೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಕುಮಾರಪರ್ವತಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ಎತ್ತರದ್ದು. ಆದರೂ ವಾಹನದಲ್ಲಿ ಬಹಳಷ್ಟು ದೂರ ಹೋಗಿ, ಉಳಿದ ಮೆಟ್ಟಿಲುಗಳನ್ನು ಹತ್ತಿದರೆ ಅದರ ನೆತ್ತಿ ಸಿಕ್ಕುತ್ತದೆ. ಕುಕ್ಕೆಯಾದರೋ ಸಮುದ್ರಮಟ್ಟದಿಂದ ನೂರು ಮೀಟರಿಗಿಂತ ಸ್ವಲ್ಪವೇ ಮೇಲಿರುವ ಊರು. ಅಲ್ಲಿಂದ ಹೊರಟವನು ಸರಿಸುಮಾರು ೧,೬೦೦ ಮೀಟರನ್ನು ತನ್ನ ಎರಡು ಕಾಲುಗಳಿಂದಲೇ ಏರಬೇಕು. ಹಿಮಾಲಯದ ಅನೇಕ ಹಾದಿಗಳಲ್ಲಿ ಒಂದೇ ದಿನ ಇಷ್ಟು ಏರಿಸುವುದಿಲ್ಲ.

ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಎಂಬಾತ ೧೮೯೨ರಲ್ಲಿ ಒಂದು ಸುಲಭ ಸೂತ್ರವನ್ನು ಕೊಟ್ಟ. ಮೂರು ಮೈಲಿಗೆ ಒಂದು ಗಂಟೆ. ಏರಿದ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಇದನ್ನು ಕುಮಾರಪರ್ವತಕ್ಕೆ ಅನ್ವಯಿಸಿ ನೋಡಿ. ಹದಿಮೂರು ಕಿಲೋಮೀಟರೆಂದರೆ ಎಂಟು ಮೈಲಿ: ಎರಡು ಗಂಟೆ ನಲವತ್ತು ನಿಮಿಷ. ಏರು ಐದು ಸಾವಿರ ಅಡಿಗೂ ಮಿಗಿಲು: ಇನ್ನೂ ಎರಡೂವರೆ ಗಂಟೆಗೆ ಮೇಲೆ. ಒಟ್ಟು ಐದು ಗಂಟೆ ದಾಟಿತು. ಇದರಲ್ಲಿ ಕುಳಿತು ಸುಧಾರಿಸಿಕೊಳ್ಳಲು ಒಂದು ನಿಮಿಷವನ್ನೂ ಆತ ಸೇರಿಸಿಲ್ಲ. ಅದೂ ಶೀತದೇಶದ ಗಟ್ಟಿಗನ ಲೆಕ್ಕ! ಕರಾವಳಿಯ ಸೆಕೆಯಲ್ಲಿ ಬೆವರು ಸುರಿಸುತ್ತ ಏರುವ, ವಾರವೆಲ್ಲ ಕುರ್ಚಿಯಲ್ಲಿ ಕುಳಿತ ಗುಮಾಸ್ತರು ಏಳು ಗಂಟೆ ಎಂದಿಟ್ಟುಕೊಳ್ಳುವುದು ಕ್ಷೇಮ.

ಎರಡನೆಯದು ನೀರಿನ ಮಾತು. ಘಟ್ಟವೆಂದರೆ ಹೆಜ್ಜೆಗೊಂದು ತೊರೆ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿದೆ. ಕುಮಾರಧಾರೆ ಹುಟ್ಟುವುದೇ ಈ ಬೆಟ್ಟದಲ್ಲಲ್ಲವೇ? ಹೌದು. ಆದರೆ ದಟ್ಟ ಕಾಡಿನ ನೆರಳು ಗಿರಿಗದ್ದೆಯವರೆಗೆ ಮಾತ್ರ. ಅಲ್ಲಿಂದಾಚೆ ಬಯಲು ಹುಲ್ಲಿನ ಏಣು, ಮರವಿಲ್ಲ, ಮರೆಯಿಲ್ಲ. ಕಲ್ಲುಮಂಟಪದ ಬಳಿ ಸಿಕ್ಕುವ ನೀರು ಚಳಿಗಾಲ ಕಳೆದಂತೆ ಸಣ್ಣದಾಗುತ್ತದೆ. ಶೇಷಪರ್ವತವನ್ನು ದಾಟಿ, ಕೊನೆಯ ಶೋಲೆ ಕಾಡನ್ನು ಹೊಗುವವರೆಗೆ ಸೂರ್ಯನೇ ಸಂಗಾತಿ. ಮೂರು ಲೀಟರು ನೀರೆಂದರೆ ಮೂರು ಕಿಲೋ ಭಾರ. ಅದನ್ನು ಹೊರಲೇಬೇಕಾದ್ದರಿಂದಲೇ ಮಿಕ್ಕ ಭಾರವನ್ನು ಇಳಿಸಬೇಕು. ನಮ್ಮವರು ಮಾಡುವುದು ಇದಕ್ಕೆ ತದ್ವಿರುದ್ಧ: ಮೂರು ಜೊತೆ ಉಡುಪು, ಹಾಡುವ ಪೆಟ್ಟಿಗೆ, ಬಿಸ್ಕತ್ತಿನ ಮೂಟೆ ಎಲ್ಲ ಇರುತ್ತದೆ, ನೀರು ಮಾತ್ರ ಒಂದು ಸೀಸೆ. ಜೊತೆಗೆ ಆ ದಿನಕ್ಕೆಂದೇ ಕೊಂಡ ಹೊಸ ಬೂಟು! ಮೊದಲ ನಾಲ್ಕು ಮೈಲಿಯಲ್ಲೇ ಹಿಮ್ಮಡಿಗೆ ಬೊಬ್ಬೆ ಬರಿಸಲು ಇದಕ್ಕಿಂತ ಖಚಿತವಾದ ಉಪಾಯ ಬೇರೊಂದಿಲ್ಲ.

ಏರುವುದೇ ಕಷ್ಟ, ಇಳಿಯುವುದು ಆಟ ಎಂಬುದು ಮತ್ತೊಂದು ನಂಬಿಕೆ. ಏರುವಾಗ ಬಳಲುವುದು ಉಸಿರು. ಇಳಿಯುವಾಗ ಬಳಲುವುದು ತೊಡೆ ಮತ್ತು ಮಂಡಿ. ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆದು ನಿಲ್ಲಿಸುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುತ್ತದೆ. ಅದರ ನೋವು ಅಂದೇ ತಿಳಿಯುವುದಿಲ್ಲ. ಮರುದಿನ, ಅದರ ಮರುದಿನ ಮನೆಯ ಮೆಟ್ಟಿಲಿಳಿಯುವಾಗ ತಿಳಿಯುತ್ತದೆ. ಬಿದ್ದು ಕಾಲುಳುಕಿಸಿಕೊಳ್ಳುವವರೂ ಹೆಚ್ಚಾಗಿ ಇಳಿಯುವ ಅವಸರದಲ್ಲಿರುವವರೇ. ಶಿಖರದಲ್ಲಿ ರಾತ್ರಿ ತಂಗಲು ಅಪ್ಪಣೆಯಿಲ್ಲ. ಆದುದರಿಂದ ತಡವಾಗಿ ತುದಿ ಮುಟ್ಟಿದವನು ಸಂಜೆಗತ್ತಲೆಯಲ್ಲಿ ಬೇರುಕಲ್ಲುಗಳ ನಡುವೆ ತಡಕಾಡಬೇಕಾಗುತ್ತದೆ. ಇಷ್ಟು ಹೊತ್ತಿಗೆ ಎಲ್ಲಿದ್ದರೂ ತಿರುಗಿಬಿಡುತ್ತೇನೆಂದು ಬೆಳಗ್ಗೆಯೇ ನಿಶ್ಚಯಿಸಿಕೊಳ್ಳುವವನೇ ಜಾಣ.

ಇಂಬಳಗಳ ವಿಷಯಕ್ಕೆ ಹೆಚ್ಚು ಮಾತು ಬೇಡ. ಅವುಗಳ ಕಡಿತದಲ್ಲಿ ವಿಷವಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸವಿದೆ, ಅದಕ್ಕಾಗಿ ಸ್ವಲ್ಪ ಹೊತ್ತು ಹರಿಯುತ್ತದೆ, ಅಷ್ಟೆ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಹಾದಿ ಮುಚ್ಚುವುದು ಇಂಬಳಗಳಿಗೆ ಹೆದರಿಯಲ್ಲ, ಜಾರುವ ಬಂಡೆಗೂ ಕಣ್ಣು ಕಟ್ಟುವ ಮಂಜಿಗೂ ಹೆದರಿ.

ಇನ್ನು, ಹೀಗೆ ಚೀಲ ಹೊತ್ತು ನಡೆಯುವುದೆಲ್ಲ ಪಡುವಣ ದೇಶಗಳ ಷೋಕಿ, ಅದೂ ಗಟ್ಟಿಮೈಯ ಗಂಡು ಹುಡುಗರಿಗೆ ಮಾತ್ರ ಎನ್ನುವ ಹಿರಿಯರಿದ್ದಾರೆ. ಅವರು ಯುಗಾದಿಯ ಮುಂಚೆ ಒಮ್ಮೆ ಬಾಗಲಕೋಟೆ, ವಿಜಯಪುರದ ಕಡೆಯ ದಾರಿಗಳಲ್ಲಿ ನಿಂತು ನೋಡಲಿ. ಶ್ರೀಶೈಲದ ಮಲ್ಲಯ್ಯನೆಡೆಗೆ ಹೊರಟ ಜನಸಾಗರದಲ್ಲಿ ಅರವತ್ತು ದಾಟಿದ ಅಜ್ಜಿಯರೆಷ್ಟು, ಬರಿಗಾಲಿನ ರೈತರೆಷ್ಟು! ನೂರಾರು ಮೈಲಿ ನಡೆದು, ನಲ್ಲಮಲದ ಕಾಡನ್ನು ದಾಟಿ ಅವರು ಗುಡಿ ಸೇರುತ್ತಾರೆ. ಹೆಗಲ ಮೇಲೊಂದು ಸಣ್ಣ ಗಂಟು. ಅವರ ಉಳಿದ ಭಾರವನ್ನೆಲ್ಲ ದಾರಿಯ ಊರುಗಳು ಹೊರುತ್ತವೆ: ಒಂದೂರಿನಲ್ಲಿ ರೊಟ್ಟಿ, ಇನ್ನೊಂದರಲ್ಲಿ ಮಜ್ಜಿಗೆ, ಮತ್ತೊಂದರಲ್ಲಿ ಬಾತ ಕಾಲಿಗೆ ಎಣ್ಣೆ. ಒಂಟಿಯಾಗಿ, ಯಾರ ಹಂಗೂ ಇಲ್ಲದೆ ನಡೆಯುತ್ತೇನೆಂಬ ಬೀಗು ಅವರಲ್ಲಿಲ್ಲ. ಅದಕ್ಕೇ ಅಷ್ಟು ದೂರ ನಡೆಯಬಲ್ಲರು.

ಕುಮಾರಪರ್ವತದ ದಾರಿಯಲ್ಲೂ ಅಂಥ ಆಸರೆ ಇತ್ತು. ಗಿರಿಗದ್ದೆಯ ಭಟ್ಟರ ಮನೆ ದಶಕಗಳ ಕಾಲ ಚಾರಣಿಗರಿಗೆ ಅನ್ನವಿಕ್ಕಿ ಹೆಸರಾಯಿತು. ಬೆಟ್ಟ ಯಾರದೂ ಅಲ್ಲ, ಆದ್ದರಿಂದ ಎಷ್ಟು ಜನವಾದರೂ ಹೋಗಬಹುದು ಎಂಬ ಎಣಿಕೆಗೆ ಮಾತ್ರ ಆ ಕಾಡಿನಲ್ಲಿ ಉತ್ತರವಿರಲಿಲ್ಲ. ೨೦೨೪ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಂದೇ ಸಮನೆ ನುಗ್ಗಿ, ಕಾಲುದಾರಿ ಜಾತ್ರೆಯ ಬೀದಿಯಾಯಿತು. ಇಲಾಖೆ ಕೆಲಕಾಲ ಚಾರಣವನ್ನೇ ನಿಲ್ಲಿಸಿ, ಅದೇ ವರ್ಷ ಮುಂಗಡ ನೋಂದಣಿಯ, ದಿನಕ್ಕಿಷ್ಟೇ ಜನರೆಂಬ ಕಟ್ಟಳೆಯನ್ನು ತಂದಿತು. ಬೇಸರಿಸಿದವರು ಅನೇಕರು. ಈ ಲೇಖಕನಿಗಂತೂ ಅದು ತಡವಾಗಿ ಬಂದ ವಿವೇಕವೆಂದೇ ತೋರಿತು.

ಹೋಗುವವರು ಮಳೆ ನಿಂತು ಹುಲ್ಲಿನ್ನೂ ಹಸಿರಾಗಿರುವಾಗಲೇ ಹೋಗಲಿ. ಚೀಟಿ ಮುಂಚೆಯೇ ಪಡೆದು, ಹಳೆಯ ಬೂಟು ಮೆಟ್ಟಿ, ನಸುಕಿನಲ್ಲೇ ಕಾಡನ್ನು ಹೊಗಬೇಕು. ಬಿಸಿಲೇರುವ ಮುನ್ನ ಶೇಷಪರ್ವತದ ಏಣನ್ನು ಮುಟ್ಟಿದರೆ, ಕೆಳಗೆ ಕಣಿವೆಯಲ್ಲಿ ಮಂಜು ಹಾಲಿನ ಕೆರೆಯಂತೆ ನಿಂತಿರುವುದನ್ನು ಕುಳಿತು ನೋಡಲು ಅರ್ಧ ಗಂಟೆ ಬಿಡುವು ಸಿಕ್ಕುತ್ತದೆ.