ಕೈಗಡ

ಆಫೀಸಿನಲ್ಲಿ ರಕ್ತದಾನ ಶಿಬಿರ ನಡೆದಾಗಲೆಲ್ಲ ನನಗೆ ಮುಜುಗರ. ಸೂಜಿ ಕಂಡರೆ ಕಣ್ಣು ಮುಚ್ಚುವವರೂ ಸಾಲಿನಲ್ಲಿ ನಿಂತಿರುತ್ತಾರೆ. ಎರಡು-ಮೂರನೇ ಕ್ಲಾಸನ್ನು ಸೂಜಿಗಳ ಜೊತೆಗೇ ಓದಿದ ನಾನು ಬಿಸ್ಕತ್ತು, ಜ್ಯೂಸು ಹಂಚುತ್ತೇನೆ. ರಕ್ತದ ಕ್ಯಾನ್ಸರ್ ಬಂದು ಹೋದವರ ರಕ್ತ ಬೇಡ, ವಾಸಿಯಾಗಿ ಎಷ್ಟೇ ವರ್ಷವಾಗಿರಲಿ. ನಿಯಮವೇನೋ ಸರಿ. ಆದರೆ ತೀರಿಸಲು ದಾರಿಯೇ ಇಲ್ಲದ ಇದೆಂಥ ಕೈಗಡ!

ಪ್ಲೇಟ್‌ಲೆಟ್ ಚೀಲ ಕೆಂಪಗಿರುವುದಿಲ್ಲ, ತಿಳಿ ಹಳದಿ. ಅದನ್ನು ಫ್ರಿಜ್ಜಿನಲ್ಲಿಡುವಂತಿಲ್ಲ, 20ರಿಂದ 24 ಡಿಗ್ರಿಯಲ್ಲಿ ಮೆಲ್ಲಗೆ ಅಲುಗಾಡಿಸುತ್ತಲೇ ಇರಬೇಕು. ಹಾಗೆ ಜೋಪಾನ ಮಾಡಿದರೂ ಸಾಮಾನ್ಯವಾಗಿ 5 ದಿನ ಬಾಳುತ್ತದೆ, ಅಷ್ಟೆ. ಅಂದರೆ ನನಗೆ ಏರಿಸಿದ ಒಂದೊಂದು ಚೀಲಕ್ಕೂ ಅದೇ ವಾರ ಯಾರೋ ತೋಳು ಚಾಚಿದ್ದರು. ಯಾರೆಂದು ಗೊತ್ತಿಲ್ಲ. ಬಸ್ಸಿನಲ್ಲಿ ಸೀಟಿಗಾಗಿ ಯಾರಾದರೂ ಮೈಮೇಲೆ ಬಿದ್ದು ಜಗಳಕ್ಕೆ ಬಂದರೆ, ಇವರೇ ಇದ್ದರೂ ಇರಬಹುದಲ್ಲ ಎಂದು ಜಾಗ ಬಿಟ್ಟುಕೊಡುತ್ತೇನೆ.

ನನಗೆ ಸಾಲ ಕೊಟ್ಟವರಲ್ಲಿ ಹೆಸರು ಗೊತ್ತಿರುವವರೂ ಇದ್ದಾರೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕ ಸೇರಿದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಮಾಡಿಕೊಟ್ಟ ಮದ್ದಿನಿಂದ ಮಕ್ಕಳ ಲ್ಯುಕೇಮಿಯಾ ಕೆಲಕಾಲವಾದರೂ ಹಿಂದೆ ಸರಿಯಿತೆಂದು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಇನ್ನೊಂದು ಮದ್ದು, ವಿನ್‌ಕ್ರಿಸ್ಟಿನ್, ನಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ ತಾನಾಗೇ ಬೆಳೆಯುವ ನಿತ್ಯಪುಷ್ಪದ ಗಿಡದ್ದು. ಅಮ್ಮ ಇದನ್ನೆಲ್ಲ ಒಟ್ಟಾಗಿ ಮನೆದೇವರ ಖಾತೆಗೆ ಬರೆದು ಹರಕೆ ತೀರಿಸಿಬಿಟ್ಟಿದ್ದಾಳೆ. ನನ್ನದೇನೂ ತಕರಾರಿಲ್ಲ.

ಆದರೆ ಬದುಕಿಸಿದ ಮದ್ದೇ ಮುಂದೊಂದು ದಿನ ಲೆಕ್ಕ ಕೇಳಲೂಬಹುದು. ವಾರ್ಡಿನಲ್ಲಿ ನಾವೆಲ್ಲ 'ಕೆಂಪು ಔಷಧಿ' ಎನ್ನುತ್ತಿದ್ದ ಡಾಕ್ಸೋರುಬಿಸಿನ್ ಹನಿಹನಿಯಾಗಿ ಇಳಿದ ದಿನ ಮೂತ್ರವೂ ಕೆಂಪಾಗುತ್ತಿತ್ತು. ಅದು ವರ್ಷಗಳು ಕಳೆದ ಮೇಲೂ ಹೃದಯದ ಸ್ನಾಯುವನ್ನು ಸೋಲಿಸಬಲ್ಲದು. ಒಟ್ಟು ಕೊಟ್ಟದ್ದು ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅದಕ್ಕೇ ಆಗಾಗ ಎಕೋ ಮಾಡಿಸುವುದು, ಅದಕ್ಕೇ ಅಪ್ಪ ಆ ಹಳೆಯ ಫೈಲನ್ನು ಸೀರೆ ಅಂಗಡಿಯ ಚೀಲದಲ್ಲಿ ಸುತ್ತಿ, ಜಮೀನಿನ ಪತ್ರಗಳ ಮೇಲೆಯೇ ಇಟ್ಟಿರುವುದು. ಇನ್ನು ನನ್ನ ಚಾಳಿ: ಮೈಮೇಲೆ ಕೆಂಪು ಚುಕ್ಕೆ ಕಂಡರೆ ಗಾಜಿನ ಲೋಟದ ತಳದಿಂದ ಒತ್ತಿ ನೋಡುತ್ತೇನೆ. ಒತ್ತಿದಾಗ ಮಾಯವಾದರೆ ಸೊಳ್ಳೆಗೆ ಬೈದು ಮಲಗುತ್ತೇನೆ. ಹಾಗೇ ಉಳಿದರೆ ಬೆಳಗಾಗುವುದನ್ನೇ ಕಾಯುತ್ತ ಕೂರುವುದು, ಬ್ಲಡ್ ಕೌಂಟ್ ಮಾಡಿಸುವುದು. ಇದನ್ನು ಧೈರ್ಯ ಎಂದು ಹೊಗಳುವವರಿದ್ದಾರೆ. ಅವರು ನನ್ನನ್ನು ರಾತ್ರಿ ನೋಡಿಲ್ಲ.

ಈಗ ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ. "ಜಡೆ ಸೊಂಟಕ್ಕೆ ಬಂದಿದೆ, ಯಾರಿಗೆ ಗೊತ್ತಾಗುತ್ತೆ? ನೀನಾಗಿ ಬಾಯಿ ಬಿಡಬೇಡ," ಎನ್ನುವುದು ದೊಡ್ಡಮ್ಮನ ಉಪದೇಶ. ನಾನು ಕಾಫಿ ಲೋಟ ಕೆಳಗಿಡುವ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಮದುವೆಯಾಗಿ, ಪ್ರತಿ ಎಕೋಗೂ ಒಂದು ಸುಳ್ಳು ಹುಡುಕುವುದು ಯಾರಿಗೆ ಬೇಕು? ಒಬ್ಬರ ತಾಯಿ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮೊನ್ನೆ ಬಂದ ಹುಡುಗ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಹೊರಗಡೆ ಏನೂ ತಿನ್ನಲ್ವಾ ನೀವು?" ಅಂದ.

"ಪಾನಿಪುರಿ ತಿಂತೀನಿ. ಅಮ್ಮನಿಗೆ ಹೇಳಬೇಡಿ," ಅಂದೆ.